ಒಂದೇ ವೈರಸ್, ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ವೆಂಟಿಲೇಟರ್: ಜೀನ್ ಹುಡುಕಿದ ನನ್ನ ಅನುಭವ

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತದಿಂದ ಡಿಎನ್‌ಎ ತೆಗೆದು ಓದುವುದು ನನ್ನ ಕೆಲಸ. ಕೋವಿಡ್ ಬಂದ ಮೇಲೆ ನಮ್ಮ ತಂಡ ಒಂದು ಪ್ರಶ್ನೆ ಹಿಡಿದು ಕೂತಿತು. ಒಂದೇ ಮನೆಯಲ್ಲಿ ಅಣ್ಣನಿಗೆ ಎರಡು ದಿನ ಜ್ವರ ಬಂದು ಹೋಗುತ್ತದೆ, ತಮ್ಮ ಐಸಿಯು ಸೇರುತ್ತಾನೆ. ವಯಸ್ಸು, ಶುಗರ್, ಬಿಪಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಒಂದಷ್ಟು ವ್ಯತ್ಯಾಸ ಉಳಿಯುತ್ತದೆ. ಅದರಲ್ಲಿ ಜೀನ್‌ಗಳ ಪಾಲು ಎಷ್ಟು? ಈ ಕೆಲಸದಲ್ಲಿ ಜೀನ್ ಓದುವುದು ಸುಲಭದ ಭಾಗ. ಯಾರನ್ನು ಯಾರ ಜೊತೆ ಹೋಲಿಸಬೇಕು ಅನ್ನುವುದೇ ಕಷ್ಟದ್ದು.

ನಾವು ನೋಡಲು ಹೊರಟದ್ದು 3ನೇ ಕ್ರೋಮೋಸೋಮಿನ (ವರ್ಣತಂತುವಿನ) ಒಂದು ತುಂಡನ್ನು. ಈ ತುಂಡಿಗೂ ಕೋವಿಡ್‌ನಲ್ಲಿ ಉಸಿರಾಟ ಕೈಕೊಡುವುದಕ್ಕೂ ನಂಟಿದೆ ಅಂತ 2020ರಲ್ಲಿ ಇಟಲಿ, ಸ್ಪೇನ್ ರೋಗಿಗಳ ಅಧ್ಯಯನ ತೋರಿಸಿತ್ತು. ಅದೇ ವರ್ಷ ಹ್ಯೂಗೋ ಜೀಬರ್ಗ್ ಮತ್ತು ಸ್ವಾಂಟೆ ಪಾಬೊ ಎಂಬ ವಿಜ್ಞಾನಿಗಳು, ಇದು ನಿಯಾಂಡರ್ತಾಲರು ಎಂಬ ಅಳಿದುಹೋದ ಪ್ರಾಚೀನ ಮಾನವರಿಂದ ನಮಗೆ ಬಂದದ್ದು ಅಂತ ಕಂಡುಹಿಡಿದರು. ಕ್ರೊವೇಷಿಯಾದ ವಿಂಡಿಯಾ ಗುಹೆಯಲ್ಲಿ ಸಿಕ್ಕ ಸುಮಾರು 50,000 ವರ್ಷ ಹಿಂದಿನ ನಿಯಾಂಡರ್ತಾಲರ ಡಿಎನ್‌ಎಯಲ್ಲಿ ಇದೇ ತುಂಡು ಇದೆ. ಯುರೋಪಿನಲ್ಲಿ ಸುಮಾರು 16% ಜನರಲ್ಲಿ ಇದು ಸಿಗುತ್ತದೆ. ಪೂರ್ವ ಏಷ್ಯಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದಕ್ಷಿಣ ಏಷ್ಯಾದಲ್ಲಿ ಮಾತ್ರ ಸುಮಾರು ಅರ್ಧದಷ್ಟು ಜನ ಇದನ್ನು ಹೊತ್ತಿದ್ದಾರೆ. ಅಂದರೆ ಇದು ನಮ್ಮ ಮನೆಯ ವಿಷಯ. ಈ ತುಂಡಿನಲ್ಲಿರುವ ಎಲ್‌ಝಡ್‌ಟಿಎಫ್‌ಎಲ್1 ಎಂಬ ಜೀನ್ ಶ್ವಾಸಕೋಶದ ಜೀವಕೋಶಗಳಲ್ಲಿ ಜಾಸ್ತಿ ಕೆಲಸ ಮಾಡುವುದೇ ತೊಂದರೆಗೆ ಕಾರಣ ಇರಬಹುದು ಅಂತ 2021ರಲ್ಲಿ ಆಕ್ಸ್‌ಫರ್ಡ್ ತಂಡ ತೋರಿಸಿತು.

ಇನ್ನು ಕೈಕೆಲಸ. ರಕ್ತವನ್ನು ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನಲ್ಲೇ ತೆಗೆದುಕೊಳ್ಳಬೇಕು. ಹಸಿರು ಮುಚ್ಚಳದ ಟ್ಯೂಬಿನಲ್ಲಿ ಹೆಪರಿನ್ ಇರುತ್ತದೆ, ಅದು ಡಿಎನ್‌ಎ ತುಂಡನ್ನು ಹಲವು ಪಟ್ಟು ನಕಲು ಮಾಡುವ ಪಿಸಿಆರ್ ಅನ್ನು ತಡೆಯುತ್ತದೆ. ಡಿಎನ್‌ಎ ಶುದ್ಧವಾಗಿದೆಯೇ ಅಂತ 260 ಮತ್ತು 280 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತೇವೆ. ಅನುಪಾತ 1.8ರ ಆಸುಪಾಸು ಬಂದರೆ ಮುಂದಕ್ಕೆ ಹೋಗಬಹುದು. ಆಮೇಲೆ 96 ಗುಳಿಗಳ ಪ್ಲೇಟು. ಒಂದೊಂದು ಗುಳಿಗೂ ಒಬ್ಬೊಬ್ಬರ ಡಿಎನ್‌ಎ ಜೊತೆ ಎರಡು ಬಣ್ಣದ ಪ್ರೋಬ್ (ಗುರುತು ಹಿಡಿದು ಹೊಳೆಯುವ ಚಿಕ್ಕ ಡಿಎನ್‌ಎ ತುಂಡು) ಹಾಕುತ್ತೇವೆ. ಒಂದು ಬಣ್ಣ ಅಪಾಯದ ಅಕ್ಷರಕ್ಕೆ (ಡಿಎನ್‌ಎಯ ನಾಲ್ಕು ರಾಸಾಯನಿಕ 'ಅಕ್ಷರ'ಗಳಲ್ಲಿ ಒಂದು), ಇನ್ನೊಂದು ಮಾಮೂಲಿ ಅಕ್ಷರಕ್ಕೆ. ಮೆಷಿನ್ ಓಡಿದ ಮೇಲೆ ಪರದೆಯಲ್ಲಿ ಚುಕ್ಕಿಗಳು ಮೂರು ಗುಂಪಾಗಿ ಕೂರುತ್ತವೆ. ಎಲ್ಲರಲ್ಲೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಇರುತ್ತವೆ. ಮಾಮೂಲಿ ಅಕ್ಷರ ಎರಡು ಪ್ರತಿ ಇರುವವರು ಒಂದು ಮೂಲೆಗೆ, ಅಪಾಯದ ಅಕ್ಷರ ಎರಡು ಪ್ರತಿ ಇರುವವರು ಇನ್ನೊಂದು ಮೂಲೆಗೆ, ಒಂದೊಂದು ಇರುವವರು ನಡುವೆ. ಬರೀ ನೀರು ಹಾಕಿದ ಗುಳಿಗಳು ಸೊನ್ನೆಯ ಹತ್ತಿರವೇ ಇರಬೇಕು. ಅವು ಮೇಲೆದ್ದರೆ ಎಲ್ಲೋ ಡಿಎನ್‌ಎ ಬೆರೆತಿದೆ ಅಂತ ಅರ್ಥ, ಇಡೀ ಪ್ಲೇಟನ್ನು ಕೈಬಿಡುತ್ತೇವೆ. ಗುಂಪುಗಳ ನಡುವೆ ಅಲೆಯುವ ಚುಕ್ಕಿಯನ್ನು ಊಹೆಯ ಮೇಲೆ ಯಾವ ಗುಂಪಿಗೂ ಸೇರಿಸುವುದಿಲ್ಲ, ಮತ್ತೆ ಓಡಿಸುತ್ತೇವೆ.

ಇಷ್ಟನ್ನು ಯಾರಾದರೂ ಕಲಿಯಬಹುದು. ತಲೆ ತಿಂದದ್ದು ಕೇಸ್ ಶೀಟುಗಳು. 'ತೀವ್ರ' ಅಂದರೆ ಏನು? ಆಸ್ಪತ್ರೆಗೆ ಸೇರಿದವರೆಲ್ಲ ತೀವ್ರ ಅಂದುಕೊಂಡರೆ, ಬೆಡ್ ಸಿಗದೆ ಮನೆಯಲ್ಲೇ ಒದ್ದಾಡಿದವರು ಸೌಮ್ಯದ ಪಟ್ಟಿಗೆ ಹೋಗುತ್ತಾರೆ. 2021ರ ಎರಡನೇ ಅಲೆಯಲ್ಲಿ ಬೆಡ್ ಸಿಗುವುದು ಎಷ್ಟು ಕಷ್ಟ ಇತ್ತು ಅಂತ ಎಲ್ಲರಿಗೂ ಗೊತ್ತಲ್ವಾ? ಅದಕ್ಕೆ ನಾವು ಸೇರಿದರೋ ಇಲ್ಲವೋ ಅನ್ನುವುದನ್ನು ಬಿಟ್ಟು ಆಕ್ಸಿಜನ್ ಮಟ್ಟ ಮತ್ತು ಉಸಿರಾಟಕ್ಕೆ ಕೊಟ್ಟ ಬೆಂಬಲ ಹಿಡಿದೆವು. ಹೋಲಿಕೆಗೂ ಬೀದಿಯಲ್ಲಿ ಸಿಕ್ಕ ಆರೋಗ್ಯವಂತರನ್ನು ತರಲಿಲ್ಲ. ಸೋಂಕು ಖಚಿತವಾಗಿ ತಗುಲಿ, ಆಕ್ಸಿಜನ್ ಬೇಕಾಗದೆ ಹುಷಾರಾದವರನ್ನೇ ಹುಡುಕಿದೆವು. ಸೋಂಕೇ ತಗುಲದವರ ಬಗ್ಗೆ ನಮಗೇನು ಗೊತ್ತು? ಅವರಿಗೆ ತಗುಲಿದ್ದರೆ ಹೇಗಿರುತ್ತಿತ್ತೋ.

ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ತೊಡಕಿದೆ. ಜಾತಿಯೊಳಗೆ, ಎಷ್ಟೋ ಕಡೆ ಸೋದರ ಸಂಬಂಧದಲ್ಲೇ ಮದುವೆ ಆಗುತ್ತ ಬಂದವರು ನಾವು. ತಲೆತಲಾಂತರದಿಂದ ಹೀಗೆ ನಡೆದಾಗ ಪ್ರತಿ ಸಮುದಾಯದಲ್ಲೂ ಕೆಲವು ಅಕ್ಷರಗಳು ಜಾಸ್ತಿ, ಕೆಲವು ಕಡಿಮೆ ಆಗುತ್ತವೆ. ಐಸಿಯುನವರು ಹೆಚ್ಚಾಗಿ ಒಂದು ಸಮುದಾಯದವರು, ಮನೆಯಲ್ಲೇ ಹುಷಾರಾದವರು ಇನ್ನೊಂದು ಸಮುದಾಯದವರು ಅಂತಿಟ್ಟುಕೊಳ್ಳಿ. ಆಗ ಕಾಯಿಲೆಗೆ ಸಂಬಂಧವೇ ಇಲ್ಲದ ಜೀನ್ ಕೂಡ ಅಪರಾಧಿಯ ಹಾಗೆ ಕಾಣುತ್ತದೆ. ಒಂದೊಂದು ಪ್ರತಿ ಇರುವವರ ಸಂಖ್ಯೆ ಲೆಕ್ಕಕ್ಕಿಂತ ಕಡಿಮೆ ಬಂದಾಗ ನಾನು ಮೊದಲು ಪ್ರೋಬ್ ಪರೀಕ್ಷಿಸುತ್ತೇನೆ, ಅದು ಸರಿ ಇದ್ದರೆ ಸಮುದಾಯಗಳು ಹೇಗೆ ಬೆರೆತಿವೆ ಅಂತ ನೋಡುತ್ತೇನೆ. ಇದಕ್ಕಾಗಿ ಕ್ರೋಮೋಸೋಮುಗಳ ಉದ್ದಕ್ಕೂ ಬೇರೆ ಬೇರೆ ಕಡೆಯ ಗುರುತುಗಳನ್ನೂ ಓದಬೇಕು. ಖರ್ಚು ಜಾಸ್ತಿ. ಆದರೂ ಇದನ್ನು ಬಿಟ್ಟು ಮಾಡಿದ ಅಧ್ಯಯನವನ್ನು ನಾನು ನಂಬುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರೂ ಇದ್ದ ಒಂದು ತಂಡ 2021ರಲ್ಲಿ, ಯುರೋಪಿನವರಲ್ಲಿ ಅಪಾಯ ತಂದ ಈ ತುಂಡು ದಕ್ಷಿಣ ಏಷ್ಯಾದವರಲ್ಲಿ ಅದೇ ಪಾತ್ರ ವಹಿಸದೇ ಇರಬಹುದು ಅಂತ ಹೇಳಿತು. ಹೊರದೇಶದ ಅಪಾಯದ ಜೀನ್‌ಗಳ ಪಟ್ಟಿಯನ್ನು ಹಾಗೇ ತಂದು ನಮ್ಮವರಿಗೆ ಅಂಟಿಸಬಾರದು ಅನ್ನುವುದಕ್ಕೆ ಇದೇ ಕಾರಣ.

ಇವೆಲ್ಲ ಅಪಾಯವನ್ನು ಸ್ವಲ್ಪ ಏರಿಸುವ, ತುಂಬ ಜನರಲ್ಲಿರುವ ಅಕ್ಷರಗಳು. ಅಪರೂಪದವು ಬೇರೆಯೇ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಎರಡು ಕುಟುಂಬಗಳಲ್ಲಿ ತಲಾ ಇಬ್ಬರು ಅಣ್ಣತಮ್ಮಂದಿರಿಗೆ ಕೋವಿಡ್ ವಿಪರೀತವಾಗಿತ್ತು. ನಾಲ್ವರೂ 35 ದಾಟದ, ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ಹುಡುಗರು. ಒಬ್ಬ ಉಳಿಯಲಿಲ್ಲ. ಅವರ ಟಿಎಲ್‌ಆರ್7 ಜೀನ್ ಕೆಟ್ಟಿತ್ತು. ಜೀವಕೋಶದೊಳಗೆ ಬಂದ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ, ವೈರಸ್ ವಿರುದ್ಧ ದೇಹವನ್ನು ಎಚ್ಚರಿಸುವ ಇಂಟರ್‌ಫೆರಾನ್ ಹೊರಡಿಸುವ ಕಾವಲುಗಾರ ಅದು. ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಸರಿಗೆ ಎಕ್ಸ್ ಒಂದೇ, ಆ ಪ್ರತಿ ಕೆಟ್ಟರೆ ಬದಲಿ ಇಲ್ಲ. ಹಾಗಾಗಿ ಬೇರೆ ಕಾಯಿಲೆಯೇ ಇಲ್ಲದ ಹುಡುಗನೊಬ್ಬ ವೆಂಟಿಲೇಟರ್ ತನಕ ಹೋಗಿದ್ದರೆ, ಮನೆಯಲ್ಲಿ ಬೇರೆ ಗಂಡುಮಕ್ಕಳಿಗೂ ಹೀಗಾಗಿತ್ತಾ ಅಂತ ಕೇಳದೆ ನಾನು ಫಾರಂ ಮುಚ್ಚುವುದಿಲ್ಲ.

ಫಲಿತಾಂಶ ಕೇಳಿಕೊಂಡು ಒಬ್ಬ ಹೆಣ್ಣುಮಗಳು ಬಂದಿದ್ದರು. ಗಂಡ ಐಸಿಯುನಿಂದ ಬದುಕಿ ಬಂದಿದ್ದರು. "ಮೇಡಂ, ಮಕ್ಕಳಿಗೂ ಹಿಂಗೇ ಆಗ್ತದಾ?" ಅಂದರು. ಅವರ ಗಂಡನಲ್ಲಿ 3ನೇ ಕ್ರೋಮೋಸೋಮಿನ ತುಂಡು ಒಂದು ಪ್ರತಿ ಇತ್ತು. ಹಾಗಾಗಿ ಪ್ರತಿ ಮಗುವಿಗೂ ಅಪ್ಪನಿಂದ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ ಅಂತ ಹೇಳಿದೆ. ಇದೇ ತುಂಡು ಇಟ್ಟುಕೊಂಡು ನೆಗಡಿಯಲ್ಲೇ ಪಾರಾದವರೂ ನಮ್ಮ ಪಟ್ಟಿಯಲ್ಲಿ ಇದ್ದಾರೆ ಅಂತಲೂ ಹೇಳಿದೆ. "ಮಕ್ಕಳಿಗೆ ಸುಮ್ನೆ ಈ ಟೆಸ್ಟ್ ಮಾಡಿಸಬೇಡಮ್ಮ. ಅವರಪ್ಪನ ಶುಗರ್ ಕಂಟ್ರೋಲಲ್ಲಿ ಇಡಿ, ಲಸಿಕೆ ತಪ್ಪಿಸಬೇಡಿ" ಅಂದೆ. ಈ ಮಾತನ್ನು ಈಗಲೂ ಎಲ್ಲರಿಗೂ ಹೇಳುತ್ತೇನೆ. ಯಾಕೆಂದರೆ ವಯಸ್ಸು ತರುವ ಅಪಾಯದ ಮುಂದೆ ಈ ಒಂದು ಪ್ರತಿಯ ಪಾಲು ಚಿಕ್ಕದು.

ಈಗ ಡೆಂಗಿ ಹಿಡಿದಿದ್ದೇವೆ. ಎಂಐಸಿಬಿ, ಪಿಎಲ್‌ಸಿಇ1 ಜೀನ್‌ಗಳಿಗೂ ಮಕ್ಕಳ ಡೆಂಗಿ ಶಾಕ್‌ಗೂ (ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುವುದು) ನಂಟಿದೆ ಅಂತ 2011ರಲ್ಲಿ ವಿಯೆಟ್ನಾಂ ಅಧ್ಯಯನ ತೋರಿಸಿತ್ತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳದಿಂದ ನೀರು ಸೋರಿ ಶಾಕ್ ಆಗುತ್ತದೆ. ಪ್ಲೇಟ್‌ಲೆಟ್ ಎಷ್ಟು ಅನ್ನುವುದೊಂದನ್ನೇ ನೋಡಿ ತೀವ್ರ ಅಂತ ಬರೆದರೆ ಪಟ್ಟಿ ಕಲಸಿಹೋಗುತ್ತದೆ. ಅದಕ್ಕೆ ಈ ಸಲ ಫಾರಂನಲ್ಲಿ ಎರಡು ಕಾಲಂ ಸೇರಿಸಿದ್ದೇವೆ: ಜ್ವರ ಬಿಟ್ಟ ದಿನ ಮತ್ತು ಗಂಟೆ, ಆಮೇಲಿನ ಎರಡು ದಿನ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು, ನೀರು ಸೋರಿದಾಗ ಏರುತ್ತದೆ) ಎಷ್ಟು ಏರಿತು. ವಾರ್ಡಿನ ನರ್ಸ್‌ಗಳು ಅದನ್ನು ತುಂಬಿ ಕೊಟ್ಟ ಮೇಲೆಯೇ ನಾನು ಆ ಟ್ಯೂಬಿನ ಮುಚ್ಚಳ ತೆಗೆಯುತ್ತೇನೆ.