ಎದೆ ಒತ್ತೋದಾ, ಬೇಡ್ವಾ? ಡಾಕ್ಟರ್ ಜೊತೆ ಮೊದಲೇ ಮಾತಾಡೋದು ಹೇಗೆ

ವಿಜಯಪುರದ ಒಂದು ಆಸ್ಪತ್ರೆ. ರಾತ್ರಿ ಎರಡು ಗಂಟೆ. ಡ್ಯೂಟಿ ಡಾಕ್ಟರ್ ಫಾರ್ಮ್ ಹಿಡ್ಕೊಂಡು ಬಂದು, "ಹಾರ್ಟ್ ನಿಂತ್ರ ಎದಿ ಒತ್ತೋದೇನ್ರಿ? ವೆಂಟಿಲೇಟರ್ ಹಾಕೋದೇನ್ರಿ? ಲಗೂ ಹೇಳ್ರಿ" ಅಂದರು. ನಾನು, ತಮ್ಮ, ಕಾಕಾ ಮುಖ ಮುಖ ನೋಡ್ಕೊಂಡು ನಿಂತೆವು. ಕಿಡ್ನಿ, ಹೃದಯ ಎರಡೂ ಸೋತಿದ್ದ ಅಪ್ಪನಿಗೆ ಏನು ಬೇಕು ಅಂತ ನಾವ್ಯಾರೂ ಕೇಳಿರಲೇ ಇಲ್ಲ. ಪುಣ್ಯಕ್ಕೆ ಆ ರಾತ್ರಿ ದಾಟಿತು.

ಮೊದಲು ಸಿಪಿಆರ್ ಅಂದ್ರೆ ಏನು ಅಂತ ತಿಳ್ಕೊಳ್ಳಿ. ಹೃದಯ ನಿಂತಾಗ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತುತ್ತಾರೆ. ವಯಸ್ಸಾದವರ ಪಕ್ಕೆಲುಬು ಮುರಿಯೋದೂ ಉಂಟು. ಚೆನ್ನಾಗಿ ಓಡಾಡ್ತಿದ್ದವರು ದಿಢೀರ್ ಕುಸಿದುಬಿದ್ದಾಗ ಇದು ಜೀವ ಉಳಿಸಬಹುದು, ಆಗ ಯೋಚಿಸುತ್ತಾ ಕೂರಬೇಡಿ. ಆದರೆ ಅಂಗಗಳು ಒಂದೊಂದಾಗಿ ಕೈಕೊಡುತ್ತಿರುವಾಗ ಹೃದಯ ಮತ್ತೆ ಬಡಿದರೂ ಮೂಲ ರೋಗ ಅಲ್ಲೇ ಇರುತ್ತೆ.

ಆಮೇಲೆ ಸಮಯ ಕೇಳಿ. ರೌಂಡ್ಸ್‌ನಲ್ಲಿ ಅಡ್ಡಗಟ್ಟಬೇಡಿ. "ಸರ್, ಹದಿನೈದು ನಿಮಿಷ ಕೂತು ಮಾತಾಡಬೇಕ್ರಿ" ಅನ್ನಿ. ಮನೆಯಿಂದ ಇಬ್ಬರು ಸಾಕು.

"ಆರಾಮ ಆಗ್ತಾರೇನ್ರಿ?" ಅಂತಷ್ಟೇ ಕೇಳಿದ್ರೆ "ನೋಡೋಣ್ರಿ" ಅನ್ನೋ ಉತ್ತರವೇ ಜಾಸ್ತಿ. ಬದಲಿಗೆ ಹೀಗೆ ಕೇಳಿ: ಔಷಧ ಹಿಡಿದರೆ ಎದ್ದು ಓಡಾಡ್ತಾರಾ, ಕೈಮೀರಿದರೆ ಏನಾಗುತ್ತೆ, ಉಳಿದಿರೋದು ದಿನಗಳಾ, ತಿಂಗಳುಗಳಾ? ಖರ್ಚಿನ ಮಾತನ್ನೂ ಆಗಲೇ ಕೇಳಿ, ನಾಚಿಕೆ ಬೇಡ.

ಇನ್ನು ಕಷ್ಟದ ಹೆಜ್ಜೆ. ರೋಗಿಯನ್ನೇ ಕೇಳಬೇಕು. "ಅಪ್ಪಗ ಹೇಳಬ್ಯಾಡ್ರಿ ಸರ್" ಅಂತ ನಾವು ಬಾಗಿಲ ಹೊರಗೆ ಪಿಸುಗುಟ್ಟಿದ್ದೆವು. ಹಿರಿಯ ಡಾಕ್ಟರ್ ಒಬ್ಬರು ಸ್ಟೂಲ್ ಎಳ್ಕೊಂಡು ಮಂಚದ ಪಕ್ಕ ಕೂತು, "ಯಜಮಾನ್ರ, ನಿಮ್ಮ ಬ್ಯಾನಿ ಬಗ್ಗೆ ನಿಮಗೇನು ಗೊತ್ತೈತ್ರಿ?" ಅಂದರು. ಅಪ್ಪ ಮೆಲ್ಲಗೆ, "ಎಲ್ಲಾ ಗೊತ್ತೈತ್ರಿ. ಈ ಹುಡುಗರಿಗೆ ಹೇಳಬ್ಯಾಡ್ರಿ, ಹೆದರತಾವ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಎಳ್ಳಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಬೇಕು. ಎದಿ ಕುಟ್ಟೋದು ಬ್ಯಾಡ." ಚರಗ ಅಂದ್ರೆ ಎಳ್ಳು ಅಮಾವಾಸ್ಯೆ ದಿನ ಹೊಲಕ್ಕೆ ಚೆಲ್ಲೋ ಎಡೆ. ತಿಂಗಳುಗಟ್ಟಲೆ ನಾವು ಅವನಿಂದ ಮುಚ್ಚಿಟ್ಟಿದ್ದೆವು, ಅವನು ನಮ್ಮಿಂದ.

ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆಸಿ. ಸಿಪಿಆರ್ ಬೇಡ ಅನ್ನೋ ನಿರ್ಧಾರಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸಿಪಿಆರ್ ಬೇಡ ಅಂದ್ರೆ ಚಿಕಿತ್ಸೆಯೇ ಬೇಡ ಅಂತಲ್ಲ. ನೋವಿಗೆ, ಉಬ್ಬಸಕ್ಕೆ ಔಷಧ ನಡೆಯುತ್ತಲೇ ಇರುತ್ತೆ, ಇದನ್ನು ಡಾಕ್ಟರ್ ಬಾಯಿಂದಲೇ ಕೇಳಿಸಿಕೊಳ್ಳಿ.

ಮುಂದೆ ಮಾತಾಡೋಕೆ ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅನ್ನೋ ಪತ್ರವೇ ಲಿವಿಂಗ್ ವಿಲ್, ಅದನ್ನು ಆರೋಗ್ಯವಾಗಿರುವಾಗಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ನಿಯಮ ಸರಳ ಮಾಡಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದರ ಜಾರಿಗೆ ಆದೇಶ ಹೊರಡಿಸಿತು. ಹಾಕಿದ ವೆಂಟಿಲೇಟರ್ ತೆಗೆಯೋದಾದರೆ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಅದು ಬೇರೆ ದಾರಿ.

ಕೊನೆಗೆ ಪುಣೆಯಲ್ಲಿರೋ ಅಣ್ಣ, ಬಾಗಲಕೋಟೆಯ ಅತ್ತೆ, ಎಲ್ಲರಿಗೂ ಫೋನ್ ಮಾಡಿ ತಿಳಿಸಿ. ಹೀಗೆ ಬರೆಸಿದ ಕಾಗದದ ಒಂದು ಪ್ರತಿಯನ್ನು ಡಿಸ್ಚಾರ್ಜ್ ಸಮ್ಮರಿ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ, ಎಲ್ಲಕ್ಕಿಂತ ಮೇಲೆ ಇಡಿ.