ಟೆಲಿಗ್ರಾಮ್‌ನಲ್ಲಿ ಹೆಸರು, ಯೂಸರ್‌ನೇಮ್, ನಂಬರ್ ಬದಲಿಸುವ ಬಗೆ

ಟೆಲಿಗ್ರಾಮ್ ಖಾತೆಗೆ ಮೂರು ಗುರುತುಗಳಿವೆ: ಚಾಟ್‌ನ ಮೇಲ್ಭಾಗದಲ್ಲಿ ಕಾಣುವ ಹೆಸರು, ಆರಂಭದಲ್ಲಿ ಆಟ್ (@) ಚಿಹ್ನೆ ಹೊತ್ತು ಬರುವ ಯೂಸರ್‌ನೇಮ್ ಮತ್ತು ಲಾಗಿನ್ ಆಗಲು ಬಳಸುವ ಮೊಬೈಲ್ ನಂಬರ್. ಒಂದನ್ನು ಬದಲಿಸಿದರೆ ಉಳಿದೆರಡು ಇದ್ದ ಹಾಗೆಯೇ ಇರುತ್ತವೆಯಾದ್ದರಿಂದ, ಯಾವುದನ್ನು ಬದಲಿಸಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಹೆಸರಿನ ಕೆಲಸ ಅರೆ ನಿಮಿಷದ್ದು. ಸೆಟ್ಟಿಂಗ್ಸ್ ತೆರೆದು, ಪ್ರೊಫೈಲ್ ಎಡಿಟ್ ಮಾಡುವಲ್ಲಿ ಹೊಸ ಹೆಸರನ್ನು ಬರೆದು ಉಳಿಸಿದರೆ ಮುಗಿಯಿತು. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಅವರು ಇಟ್ಟ ಹೆಸರೇ ಕಾಣುತ್ತದೆ. ನೀವು ಎಷ್ಟೇ ಸೊಗಸಾದ ಹೆಸರಿಟ್ಟುಕೊಂಡರೂ ಅವರ ಫೋನಿನಲ್ಲಿ ‘ಟೈಲರ್ ಎರಡನೇ ನಂಬರ್’ ಆಗಿಯೇ ಉಳಿಯುತ್ತೀರಿ.

ಯೂಸರ್‌ನೇಮ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಉಚಿತವಾಗಿ ಸಿಗುವ ಯೂಸರ್‌ನೇಮ್‌ಗೆ ಕನಿಷ್ಠ 5, ಗರಿಷ್ಠ 32 ಅಕ್ಷರಗಳಿರಬೇಕು. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ನಡೆಯದು, ಮೊದಲನೆಯದು ಅಕ್ಷರವೇ ಆಗಿರಬೇಕು. ಸೆಟ್ಟಿಂಗ್ಸ್‌ನಲ್ಲಿ ಯೂಸರ್‌ನೇಮ್ ಸಾಲನ್ನು ಒತ್ತಿ ಟೈಪ್ ಮಾಡುತ್ತಿದ್ದಂತೆ, ಆ ಹೆಸರು ಖಾಲಿಯಿದೆಯೇ, ಬೇರೆಯವರ ಪಾಲಾಗಿದೆಯೇ ಎಂಬುದು ಕೆಳಗೇ ಕಾಣಿಸುತ್ತದೆ. ಬದಲಿಸಿದ ಗಳಿಗೆಯಿಂದ ಹಳೆಯ ಯೂಸರ್‌ನೇಮ್‌ನ ಲಿಂಕ್ ನಿಮ್ಮತ್ತ ಬರುವುದಿಲ್ಲ; ಮುಂದೆ ಅದೇ ಯೂಸರ್‌ನೇಮನ್ನು ಬೇರೊಬ್ಬರು ಪಡೆದುಕೊಂಡರೆ, ನಿಮ್ಮನ್ನು ಹುಡುಕಿಕೊಂಡು ಬಂದವರು ಅವರ ಬಾಗಿಲು ತಟ್ಟುತ್ತಾರೆ. ಆ ಲಿಂಕನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದರೆ ಬದಲಾವಣೆಯ ಆಸೆಯನ್ನೇ ಬಿಡುವುದು ಲೇಸು. ಯೂಸರ್‌ನೇಮೇ ಬೇಡವೆನಿಸಿದರೆ ಆ ಜಾಗವನ್ನು ಖಾಲಿ ಬಿಟ್ಟು ಉಳಿಸಬಹುದು. ನಡೆಯುತ್ತಿರುವ ಚಾಟ್‌ಗಳಿಗೆ ಅದರಿಂದ ತೊಂದರೆಯಿಲ್ಲ.

ನಂಬರ್ ಬದಲಿಸುವುದಾದರೆ ಹಳೆಯ ಸಿಮ್ ಕೈಬಿಡುವ ಮೊದಲೇ ಬದಲಿಸಿ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ನಂಬರನ್ನು ಒತ್ತಿ, ಬದಲಿಸುವ ಆಯ್ಕೆಯನ್ನು ಆರಿಸಿ, ಹೊಸ ನಂಬರಿಗೆ ಬರುವ ಕೋಡ್ ನಮೂದಿಸಿದರೆ ಚಾಟ್, ಗ್ರೂಪ್, ಫೋಟೋಗಳೆಲ್ಲ ಅದರೊಂದಿಗೆ ಸಾಗುತ್ತವೆ. ಹೊಸ ನಂಬರಿನಲ್ಲಿ ಈಗಾಗಲೇ ಬೇರೆ ಟೆಲಿಗ್ರಾಮ್ ಖಾತೆಯಿದ್ದರೆ ಮೊದಲು ಅದನ್ನು ಅಳಿಸಬೇಕು. ಇನ್ನೊಂದು ಸಂಗತಿ ಹಲವರಿಗೆ ಅನಿರೀಕ್ಷಿತ: ಹಳೆಯ ನಂಬರ್ ಇಟ್ಟುಕೊಂಡಿದ್ದ ನಿಮ್ಮ ಟೆಲಿಗ್ರಾಮ್ ಸಂಪರ್ಕದವರಿಗೆ, ನೀವು ಅವರನ್ನು ಬ್ಲಾಕ್ ಮಾಡಿರದಿದ್ದರೆ, ಹೊಸ ನಂಬರ್ ತಾನಾಗಿಯೇ ತಲುಪುತ್ತದೆ. ಯಾರಿಗೆ ಅದು ಸಿಗಬಾರದೋ ಅವರನ್ನು ಮುಂಚೆಯೇ ಬ್ಲಾಕ್ ಮಾಡಿ. ಮಿಕ್ಕವರಿಗೆ ಕಾಣದಿರಲು ಪ್ರೈವಸಿ ವಿಭಾಗದಲ್ಲಿ ಫೋನ್ ನಂಬರನ್ನು ‘ಯಾರಿಗೂ ಬೇಡ’ ಎಂಬ ಆಯ್ಕೆಗೆ ತರಬಹುದು.

ಇಷ್ಟೆಲ್ಲ ಮಾಡಿದರೂ ಖಾತೆ ಮಾತ್ರ ಅದೇ. ಗ್ರೂಪಿನಲ್ಲಿ ನೀವು ಹಿಂದೆ ಬರೆದ ಸಂದೇಶಗಳ ಮೇಲೂ ಈಗ ಹೊಸ ಹೆಸರೇ ಕಾಣುವುದರಿಂದ, ಹಳೆಯ ಮಾತನ್ನು ನೆನಪಿಟ್ಟುಕೊಂಡವರಿಗೆ ಗುರುತು ಹಿಡಿಯುವುದು ಕಷ್ಟವಲ್ಲ. ಪ್ರೊಫೈಲ್ ಫೋಟೋಗಳೂ ಹಾಗೆಯೇ: ಹೊಸದನ್ನು ಹಾಕಿದಾಗ ಹಳೆಯವು ಹೋಗುವುದಿಲ್ಲ, ಪಕ್ಕಕ್ಕೆ ಸರಿಸಿದರೆ ಒಂದೊಂದಾಗಿ ಬರುತ್ತವೆ, ಅವುಗಳನ್ನು ಬಿಡಿಬಿಡಿಯಾಗಿ ಅಳಿಸಬೇಕು. ಹಳೆಯದರ ಸುಳಿವೇ ಇರಬಾರದೆಂದಾದರೆ ಬೇರೊಂದು ನಂಬರಿನಿಂದ ಪ್ರತ್ಯೇಕ ಖಾತೆ ತೆರೆಯುವುದೇ ಸರಿಯಾದ ದಾರಿ. ಉಚಿತ ಬಳಕೆಯಲ್ಲಿಯೂ ಒಂದೇ ಆ್ಯಪ್‌ನೊಳಗೆ 3 ಖಾತೆಗಳನ್ನು ಇಟ್ಟುಕೊಳ್ಳಲು ಅವಕಾಶವಿದೆ.