ಬೇಸ್‌ಬಾಲ್ ಬಾರದಿದ್ದರೂ ಪರವಾಗಿಲ್ಲ, ಫಾರ್ಮ್ ತುಂಬೋಕೆ ಬರುತ್ತಲ್ವಾ?

ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ಈಗ ದುಡ್ಡಿದ್ದವರ ಆಟ. ಸಬರ್ಬ್‌ಗಳಲ್ಲಿ ಮನೆ ಮಾಡಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗನನ್ನು ಟ್ರಾವೆಲ್ ಬಾಲ್ ತಂಡಕ್ಕೆ, ಅಂದರೆ ಊರೂರು ಸುತ್ತಿ ಟೂರ್ನಿ ಆಡುವ ಖಾಸಗಿ ತಂಡಕ್ಕೆ, ಸೇರಿಸಿದರೆ ವರ್ಷಕ್ಕೆ ಸಾವಿರಾರು ಡಾಲರ್ ಕೈಬಿಡುತ್ತದೆ. ಒಳ್ಳೆ ಬ್ಯಾಟ್ ಒಂದೇ ಮುನ್ನೂರು ಡಾಲರ್ ದಾಟುತ್ತದೆ. ಅದರ ಮೇಲೆ ಹೋಟೆಲ್ ಖರ್ಚು, ಗ್ಯಾಸ್ ಖರ್ಚು, ಖಾಸಗಿ ಕೋಚ್‌ನ ಫೀಸು. ಕಾಲೇಜು ತಂಡಗಳವರು ಹುಡುಗರನ್ನು ನೋಡಲು ಬರುವುದೂ ಹೆಚ್ಚಾಗಿ ಇಂಥ ಟೂರ್ನಿಗಳಿಗೇ. ಅಲ್ಲಿಗೆ ಹೋಗಲಾಗದ ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಕೊರತೆ ತುಂಬಲು ದೊಡ್ಡ ಊರುಗಳ ಒಳಭಾಗದಲ್ಲಿ ಕೆಲವು ಕಾರ್ಯಕ್ರಮಗಳು ನಡೆಯುತ್ತಿವೆ. ಅವುಗಳಿಗೆ ಮೆಂಟರ್‌ಗಳು, ಅಂದರೆ ಮಕ್ಕಳ ಜೊತೆ ನಿಂತು ದಾರಿ ತೋರಿಸುವವರು, ಬೇಕು. ಕಂಪನಿಯ ಸ್ವಯಂಸೇವೆ ಪಟ್ಟಿಯಲ್ಲಿ ಇದನ್ನು ನೋಡಿ, "ನಮಗೆ ಕ್ರಿಕೆಟ್ ಬಿಟ್ಟು ಬೇರೆ ಬರಲ್ಲ" ಅಂತ ಮುಂದೆ ಹೋದವರು ನಮ್ಮಲ್ಲಿ ಬಹಳ. ಚೆಂಡು ಎಸೆಯೋದು ಕಲಿಸಲು ಅಲ್ಲಿ ಬೇರೆ ಜನ ಇದ್ದಾರೆ. ಮೆಂಟರ್ ಕೆಲಸದಲ್ಲಿ ಮುಕ್ಕಾಲು ಪಾಲು ಮೈದಾನದ ಹೊರಗಿನದು: ಅಂಕಪಟ್ಟಿ, ಅರ್ಜಿ, ಗಡುವು, ಕಾಲೇಜಿನ ಖರ್ಚಿನ ಲೆಕ್ಕ. ವೀಸಾ, ಐ-20, ಗ್ರೀನ್ ಕಾರ್ಡ್ ಅಂತ ವರ್ಷಗಟ್ಟಲೆ ಕಾಗದದ ಜೊತೆ ಬಾಳ್ವೆ ಮಾಡಿದ ನಮಗಿಂತ ಇದಕ್ಕೆ ಲಾಯಕ್ಕಾದವರು ಯಾರಿದ್ದಾರೆ ಹೇಳಿ.

ಒಳ ಊರು ಯಾಕೆ ಹೀಗಾಯಿತು

ಬೆಂಗಳೂರಿನಲ್ಲಿ ಊರಿನ ನಡುಮಧ್ಯೆ ಜಾಗ ಇದ್ದವರು ಸಿರಿವಂತರು. ಇಲ್ಲಿ ಅನೇಕ ಕಡೆ ಅದು ತಿರುಗುಮುರುಗು. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ಊರೂರಿನ ನಕ್ಷೆ ತಯಾರಿಸಿತು. ಆಫ್ರಿಕನ್ ಅಮೆರಿಕನ್ನರು ಇದ್ದ ಬೀದಿಗಳಿಗೆ ಹೆಚ್ಚಾಗಿ ಕೆಂಪು ಬಣ್ಣ ಬಳಿಯಿತು. ಕೆಂಪು ಇದ್ದ ಕಡೆ ಮನೆ ಸಾಲ ಸಿಗುವುದು ಕಷ್ಟವಾಯಿತು. ಸಾಲ ಸಿಕ್ಕ ಬಿಳಿಯರು ಸಬರ್ಬ್‌ಗಳಿಗೆ ಹೋದರು. ಆಮೇಲೆ ಕಾರ್ಖಾನೆಗಳು ಮುಚ್ಚಿದವು, ಹೆದ್ದಾರಿಗಳು ಓಣಿಗಳನ್ನು ಸೀಳಿದವು. ಇಲ್ಲಿ ಶಾಲೆಯ ಹಣದ ದೊಡ್ಡ ಪಾಲು ಅದೇ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆಗೆ ಬೆಲೆ ಇಲ್ಲದ ಕಡೆ ಶಾಲೆಗೂ ದುಡ್ಡಿಲ್ಲ, ಮೈದಾನಕ್ಕೂ ಇಲ್ಲ. "ಆ ಕಡೆ ಹೋಗ್ಬೇಡಿ" ಅಂತ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಬರುವ ಎಚ್ಚರಿಕೆಗಳ ಹಿಂದೆ ಇಷ್ಟೆಲ್ಲ ಇದೆ.

1989ರಲ್ಲಿ ಜಾನ್ ಯಂಗ್ ಎಂಬ ಮಾಜಿ ಆಟಗಾರ ಲಾಸ್ ಏಂಜಲೀಸ್‌ನ ಸೌತ್ ಸೆಂಟ್ರಲ್‌ನಲ್ಲಿ ಆರ್‌ಬಿಐ ಕಾರ್ಯಕ್ರಮ ಶುರು ಮಾಡಿದರು. ನಮ್ಮ ರಿಸರ್ವ್ ಬ್ಯಾಂಕ್ ಅಲ್ಲ, ರಿವೈವಿಂಗ್ ಬೇಸ್‌ಬಾಲ್ ಇನ್ ಇನ್ನರ್ ಸಿಟೀಸ್. ಅವರು ಸ್ಕೌಟ್, ಅಂದರೆ ತಂಡಗಳಿಗೆ ಹೊಸ ಆಟಗಾರರನ್ನು ಹುಡುಕುವವರು, ಆಗಿದ್ದವರು. ಆ ಬೀದಿಗಳಿಂದ ಆಟಗಾರರು ಬರುವುದೇ ನಿಂತುಹೋಗುತ್ತಿದೆ ಅನ್ನುವುದು ಅವರ ಕಣ್ಣಿಗೆ ಬಿತ್ತು. 1991ರಲ್ಲಿ ಇಲ್ಲಿನ ವೃತ್ತಿಪರ ಬೇಸ್‌ಬಾಲ್‌ನ ಮೇಲ್ಮಟ್ಟವಾದ ಮೇಜರ್ ಲೀಗ್ ಇದನ್ನು ವಹಿಸಿಕೊಂಡಿತು. ಮುಂದೆ ಮೇಜರ್ ಲೀಗ್‌ನಲ್ಲಿ ಹೆಸರು ಮಾಡಿದ ಸಿ.ಸಿ. ಸಬಾತಿಯಾ, ಜಿಮ್ಮಿ ರಾಲಿನ್ಸ್ ಅಂಥವರು ಇದರಲ್ಲಿ ಆಡಿ ಬೆಳೆದವರು. ಅದೇ 1991ರಲ್ಲಿ ನ್ಯೂಯಾರ್ಕ್‌ನ ಈಸ್ಟ್ ಹಾರ್ಲೆಮ್‌ನಲ್ಲಿ ಪಾಳುಬಿದ್ದ ಜಾಗವೊಂದನ್ನು ಮೈದಾನ ಮಾಡಿ ಶುರುವಾದ ಕಾರ್ಯಕ್ರಮ ಇವತ್ತು ಡ್ರೀಮ್ ಅನ್ನುವ ಹೆಸರಿನಲ್ಲಿ ಶಾಲೆಗಳನ್ನೇ ನಡೆಸುತ್ತಿದೆ. ಷಿಕಾಗೋದಲ್ಲಿ ವೈಟ್ ಸಾಕ್ಸ್ ತಂಡದ ಏಸ್ ಇದೆ, ಅಟ್ಲಾಂಟಾದಲ್ಲಿ ಲೀಡ್ ಇದೆ, ಕಾಂಪ್ಟನ್‌ನಲ್ಲಿ 2006ರಿಂದ ಲೀಗ್‌ನದೇ ಅಕಾಡೆಮಿ ಇದೆ. ನಿಮ್ಮ ಊರಲ್ಲೂ ಇಂಥದ್ದೊಂದು ಇರಬಹುದು. ಬಾಯ್ಸ್ ಆ್ಯಂಡ್ ಗರ್ಲ್ಸ್ ಕ್ಲಬ್‌ನಲ್ಲಿ ಕೇಳಿದರೆ ದಾರಿ ಸಿಗುತ್ತದೆ.

ಪರಿಸ್ಥಿತಿ ಸುಧಾರಿಸಿದೆಯಾ ಅಂದರೆ ಅರ್ಧಂಬರ್ಧ. 1980ರ ದಶಕದ ಆರಂಭದಲ್ಲಿ ಮೇಜರ್ ಲೀಗ್ ಆಟಗಾರರಲ್ಲಿ ಆಫ್ರಿಕನ್ ಅಮೆರಿಕನ್ನರು ನೂರಕ್ಕೆ 18ರಷ್ಟಿದ್ದರು. 2024ರ ಆರಂಭದಲ್ಲಿ 6. ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್‌ನಲ್ಲಿ, 2022ರಲ್ಲಿ, ಎರಡೂ ತಂಡಗಳಲ್ಲಿ ಅಮೆರಿಕದಲ್ಲೇ ಹುಟ್ಟಿದ ಕಪ್ಪು ಆಟಗಾರ ಒಬ್ಬರೂ ಇರಲಿಲ್ಲ. 1950ರ ನಂತರ ಹಾಗಾಗಿದ್ದು ಅದೇ ಮೊದಲು. ಆದರೆ ಅದೇ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಮೊದಲು ಆಯ್ಕೆಯಾದ ಐವರಲ್ಲಿ ನಾಲ್ವರು ಕಪ್ಪು ಹುಡುಗರು, ನಾಲ್ವರೂ ಲೀಗ್‌ನ ತರಬೇತಿ ಶಿಬಿರಗಳಲ್ಲಿ ಆಡಿದವರು. ಅವರಲ್ಲೊಬ್ಬ ಕುಮಾರ್ ರಾಕರ್. ತಾಯಿಯ ಕಡೆಯವರು ಭಾರತದಿಂದ ಬಂದವರು.

ಒಳಗೆ ಹೋಗುವ ಬಾಗಿಲು

ಮೊದಲು ವೀಸಾ ವಿಷಯ, ಯಾಕೆಂದರೆ ನಮ್ಮವರ ಮೊದಲ ಪ್ರಶ್ನೆ ಅದೇ. ಲಾಭರಹಿತ ಸಂಸ್ಥೆಯಲ್ಲಿ, ಸಾಮಾನ್ಯವಾಗಿ ಸ್ವಯಂಸೇವಕರೇ ಮಾಡುವ ಕೆಲಸವನ್ನು ಬಿಟ್ಟಿಯಾಗಿ ಮಾಡಲು ಎಚ್-1ಬಿ, ಎಚ್-4, ಎಫ್-1 ಯಾವುದೂ ಅಡ್ಡಿಯಲ್ಲ. ಸ್ಟೈಪೆಂಡ್ ಕೊಡುತ್ತೇವೆ ಅಂದರೆ ಮಾತ್ರ ಬೇಡ ಅನ್ನಿ. ಚಿಕ್ಕ ಮೊತ್ತವೂ ಸಂಬಳ ಅನಿಸಿಕೊಂಡುಬಿಡಬಹುದು. ಅನುಮಾನ ಇದ್ದರೆ ವಕೀಲರನ್ನು ಕೇಳಿ.

ಆಮೇಲೆ ಹಿನ್ನೆಲೆ ತಪಾಸಣೆ. ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಇದೆ. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟ್ಲ್ ಲೀಗ್‌ನಲ್ಲಿ ಪ್ರತಿ ವರ್ಷ ಮಾಡುತ್ತಾರೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಸತತ ಹತ್ತು ವರ್ಷ ಇದ್ದವರಿಗೆ ಎಫ್‌ಬಿಐ ಬೆರಳಚ್ಚಿನಿಂದ ವಿನಾಯಿತಿ ಇದೆ, ಬೆರಳಚ್ಚಿನ ಬದಲು ಒಂದು ಪ್ರಮಾಣಪತ್ರ ಬರೆದುಕೊಟ್ಟರೆ ಸಾಕು. ನಮ್ಮಲ್ಲಿ ಹೊಸದಾಗಿ ಬಂದವರು ಬೆರಳಚ್ಚು ಕೊಡಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ, ಮಕ್ಕಳ ಸಂಸ್ಥೆಗಳಲ್ಲಿ ನಿಯಮಿತವಾಗಿ ಕೆಲಸ ಮಾಡುವ ಸ್ವಯಂಸೇವಕರಿಗೂ ಬೆರಳಚ್ಚು ಮತ್ತು ತರಬೇತಿ ಕಡ್ಡಾಯ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಎಚ್-4ನವರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಇದೆಲ್ಲ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಆಟ ಶುರುವಾಗುತ್ತದೆ ಅಂದರೆ ಜನವರಿಯಲ್ಲೇ ಅರ್ಜಿ ಹಾಕಿ.

ಮಕ್ಕಳ ಜೊತೆ ನಡೆದುಕೊಳ್ಳುವ ನಿಯಮಗಳು ನಮಗೆ ಸ್ವಲ್ಪ ಬಿಗಿ ಅನಿಸುತ್ತವೆ. ಮಳೆ ಬಂತು, ಹುಡುಗ ಒಬ್ಬನೇ ನಿಂತಿದ್ದಾನೆ, "ಬಾ ಮಗ, ಮನೆಗೆ ಬಿಡ್ತೀನಿ" ಅಂತ ಕಾರು ಹತ್ತಿಸುವುದು ನಮ್ಮ ಅಭ್ಯಾಸ. ಇಲ್ಲಿ ಹಾಗೆ ಮಾಡುವಂತಿಲ್ಲ. ಮಗುವಿನ ಜೊತೆ ಒಬ್ಬರೇ ಇರುವುದಾದರೆ ಇನ್ನೊಬ್ಬ ದೊಡ್ಡವರಿಗೆ ಕಾಣುವ ಜಾಗದಲ್ಲಿರಬೇಕು. ಮೆಸೇಜ್ ಕಳಿಸಿದರೆ ಮನೆಯವರನ್ನೋ ಕಾರ್ಯಕ್ರಮದವರನ್ನೋ ಸೇರಿಸಿಯೇ ಕಳಿಸಬೇಕು. ಕೈಗೆ ದುಡ್ಡು ಕೊಡಬಾರದು. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆ ಅನ್ನುವ ಅನುಮಾನ ಬಂದರೆ, 2018ರ ಕೇಂದ್ರ ಕಾನೂನಿನ ಪ್ರಕಾರ ಅನೇಕ ಕ್ರೀಡಾ ಸಂಸ್ಥೆಗಳ ದೊಡ್ಡವರು 24 ಗಂಟೆಯೊಳಗೆ ವರದಿ ಮಾಡಲೇಬೇಕು. "ಮನೆ ವಿಷಯ, ನಮಗ್ಯಾಕೆ" ಅನ್ನುವ ಮಾತು ನಡೆಯುವುದಿಲ್ಲ.

ಮೈದಾನದಲ್ಲಿ ನೀವೂ 'ಕೋಚ್'. ಬ್ಯಾಟ್ ಹಿಡಿಯಲು ಬಾರದಿದ್ದರೂ ಕೋಚ್. ಮನೆಯವರು ಬಂದಾಗ ಅವರನ್ನು ಮಿಸ್, ಮಿಸ್ಟರ್ ಸೇರಿಸಿ ಮಾತಾಡಿಸಿ. ಕೆಲವು ಮಕ್ಕಳನ್ನು ಅಜ್ಜಿಯೇ ಸಾಕಿರುತ್ತಾರೆ. ಆ ಅಜ್ಜಿಗೆ ನೀವು ಕೊಡುವ ಮರ್ಯಾದೆಯನ್ನು ಹುಡುಗ ಗಮನಿಸುತ್ತಿರುತ್ತಾನೆ. ಮೊದಲ ದಿನವೇ "ಎಷ್ಟು ಮಾರ್ಕ್ಸು?" ಅಂತ ಶುರು ಮಾಡಬೇಡಿ, ದಯವಿಟ್ಟು.

ಆಟದ ಬಗ್ಗೆ ಒಂದೇ ಒಂದು ನಿಯಮ ಬಾಯಿಪಾಠ ಮಾಡಿಕೊಳ್ಳಿ: ಪಿಚ್ ಕೌಂಟ್, ಅಂದರೆ ಚೆಂಡು ಎಸೆಯುವ ಹುಡುಗನ ಎಸೆತಗಳ ಲೆಕ್ಕ. ಲಿಟ್ಲ್ ಲೀಗ್‌ನಲ್ಲಿ 11-12 ವಯಸ್ಸಿನವರು ದಿನಕ್ಕೆ 85 ಎಸೆತ ಮೀರುವಂತಿಲ್ಲ. 14 ಮತ್ತು ಅದಕ್ಕಿಂತ ಚಿಕ್ಕವರು 66 ಎಸೆದರೆ ನಾಲ್ಕು ದಿನ ವಿಶ್ರಾಂತಿ. ಆದರೆ ಹುಡುಗ ಶನಿವಾರ ಇಲ್ಲಿ ಎಸೆದು, ಭಾನುವಾರ ಬೇರೆ ತಂಡಕ್ಕೆ ಎಸೆಯಬಹುದು. ಎರಡೂ ಕಡೆಯ ಕೋಚ್‌ಗಳಿಗೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮೊಣಕೈ ಹಾಳಾಗುವುದು ಹೀಗೆ. ಎರಡೂ ಲೆಕ್ಕ ಕೂಡಿಸಿ ಬರೆದಿಡುವವರು ನೀವಾಗಬಹುದು.

ಅಂಕಪಟ್ಟಿ ಎಂಬ ಬಲೆ

ನಿಜವಾದ ಕೆಲಸ ಇಲ್ಲಿದೆ. ಇಲ್ಲಿನ ಅಂಕಪಟ್ಟಿ 4.0 ಲೆಕ್ಕದ್ದು. ಎ ಗೆ 4, ಬಿ ಗೆ 3, ಸಿ ಗೆ 2. ಹೈಸ್ಕೂಲ್ ತಂಡದಲ್ಲಿ ಆಡಲು ಅನೇಕ ಕಡೆ ಸರಾಸರಿ 2.0 ಸಾಕು. ಆದರೆ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲ್ಮಟ್ಟದಲ್ಲಿ, ಅಂದರೆ ಡಿವಿಷನ್ 1ರಲ್ಲಿ, ಮೊದಲ ವರ್ಷವೇ ಆಡಲು 2.3 ಬೇಕು. ಅದೂ ಒಟ್ಟು ಸರಾಸರಿ ಅಲ್ಲ, 16 'ಕೋರ್' ವಿಷಯಗಳ ಸರಾಸರಿ. ಆ 16ರಲ್ಲಿ 10 ಹನ್ನೆರಡನೇ ತರಗತಿಗೆ ಕಾಲಿಡುವ ಮೊದಲೇ ಮುಗಿದಿರಬೇಕು. ಮುಗಿದ ಹತ್ತನ್ನು ಆಮೇಲೆ ಮತ್ತೆ ಓದಿ ಗ್ರೇಡ್ ಹೆಚ್ಚಿಸಿಕೊಳ್ಳಲೂ ಬಿಡುವುದಿಲ್ಲ. ಡಿವಿಷನ್ 2ಕ್ಕೆ 2.2. ಎಸ್‌ಎಟಿ, ಎಸಿಟಿ ಎಂಬ ಪ್ರವೇಶ ಪರೀಕ್ಷೆಗಳ ಅಂಕ ಎನ್‌ಸಿಎಎಗೆ 2023ರಿಂದ ಬೇಕಿಲ್ಲ, ಆದರೆ ಕೆಲವು ಕಾಲೇಜುಗಳು ಕೇಳುತ್ತವೆ.

ಹತ್ತನೇ ತರಗತಿಯ ಒಬ್ಬ ಹುಡುಗ ತನ್ನ ಅಂಕಪಟ್ಟಿಯನ್ನು ಫೋನಿನಲ್ಲಿ ತೆಗೆದು ನನ್ನ ಮುಂದೆ ಹಿಡಿದ. "ಗಣಿತದಲ್ಲಿ ಎ, ಕೋಚ್." ಮುಖ ಅರಳಿತ್ತು. ಹೆಸರು ನೋಡಿದೆ: ಕನ್ಸ್ಯೂಮರ್ ಮ್ಯಾಥ್. ದಿನಬಳಕೆಯ ಲೆಕ್ಕ, ಬಡ್ಡಿ, ಬಜೆಟ್. ಬದುಕಿಗೆ ಬೇಕಾದದ್ದೇ, ಆದರೆ ಎನ್‌ಸಿಎಎ ಲೆಕ್ಕದಲ್ಲಿ ಸೊನ್ನೆ. ಅವರಿಗೆ ಆಲ್ಜೀಬ್ರಾ 1 ಮತ್ತು ಅದರ ಮೇಲಿನದು ಮಾತ್ರ ಗಣಿತ. ಪ್ರತಿ ಹೈಸ್ಕೂಲಿನ ಯಾವ ವಿಷಯ ಲೆಕ್ಕಕ್ಕಿದೆ ಅನ್ನುವ ಪಟ್ಟಿ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್ ತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಅವನ ಪಕ್ಕದಲ್ಲಿ ಕೂತು, ಬೆಂಚಿನ ಮೇಲೆ, ಒಂದೊಂದೇ ವಿಷಯಕ್ಕೆ ಟಿಕ್ ಹಾಕುತ್ತಾ ಹೋದೆವು. ಎರಡು ವರ್ಷದಲ್ಲಿ ಲೆಕ್ಕಕ್ಕೆ ಬಂದದ್ದು ಐದು. ಇದನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಶಾಲೆಯ ಕೌನ್ಸೆಲರ್ ಏನು ಮಾಡುತ್ತಿದ್ದರು ಅಂತ ಕೋಪ ಬರುತ್ತದೆ. ಅವರ ಕಷ್ಟ ಅವರಿಗೆ. ಒಬ್ಬ ಕೌನ್ಸೆಲರ್‌ಗೆ 250ಕ್ಕಿಂತ ಜಾಸ್ತಿ ಮಕ್ಕಳು ಬೇಡ ಅಂತ ಅವರ ಸಂಘವೇ ಹೇಳುತ್ತದೆ. ಬಹುತೇಕ ರಾಜ್ಯಗಳಲ್ಲಿ ಅದು ಮೀರಿ ಹೋಗಿದೆ. ಹಾಗಾಗಿ ಅವರ ಮೇಲೆ ಹರಿಹಾಯಬೇಡಿ. ಪಟ್ಟಿ ಸಿದ್ಧ ಮಾಡಿಕೊಂಡು, ಮನೆಯವರನ್ನು ಮುಂದಿಟ್ಟುಕೊಂಡು, ಮುಂದಿನ ವರ್ಷ ಯಾವ ತರಗತಿ ಬೇಕು ಅಂತ ವಿನಯದಿಂದ ಕೇಳಿ. ಒಂಬತ್ತನೇ ತರಗತಿಯಲ್ಲೇ ಇದನ್ನು ಮಾಡಿದರೆ ಹತ್ತು ನಿಮಿಷದ ಕೆಲಸ. ಹನ್ನೊಂದರಲ್ಲಿ ಸಮ್ಮರ್ ಸ್ಕೂಲ್ ಗತಿ.

ದುಡ್ಡಿನ ಮಾತು

"ಆಡಿದರೆ ಫುಲ್ ಸ್ಕಾಲರ್‌ಶಿಪ್" ಅನ್ನುವ ನಂಬಿಕೆ ಮಕ್ಕಳಲ್ಲೂ ಇದೆ, ಮನೆಯವರಲ್ಲೂ ಇದೆ. ಬೇಸ್‌ಬಾಲ್‌ನಲ್ಲಿ ಅದು ಯಾವತ್ತೂ ಅಪರೂಪವೇ. ತೀರಾ ಇತ್ತೀಚಿನವರೆಗೆ ಡಿವಿಷನ್ 1 ತಂಡವೊಂದು 11.7 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣವನ್ನು ತಂಡದ ಹುಡುಗರಿಗೆಲ್ಲ ಹಂಚಬೇಕಿತ್ತು. 2025-26ರಿಂದ, ಆಟಗಾರರು ಹೂಡಿದ ಮೊಕದ್ದಮೆಯ ರಾಜಿಯಲ್ಲಿ ಬಂದ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಆ ಮಿತಿ ಹೋಗಿ, ತಂಡದಲ್ಲಿ 34 ಜನ ಅನ್ನುವ ಮಿತಿ ಬಂದಿದೆ. ಎಲ್ಲರಿಗೂ ಪೂರ್ತಿ ಕೊಡಬಹುದು. ಕೊಡುತ್ತಾರೆ ಅಂತೇನಿಲ್ಲ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಒಂದು ಡಾಲರೂ ಇಲ್ಲ. ಹೈಸ್ಕೂಲಿನಲ್ಲಿ ಆಡುವವರಲ್ಲಿ ಎನ್‌ಸಿಎಎ ತಂಡ ಸೇರುವವರೇ ನೂರಕ್ಕೆ ಹತ್ತಕ್ಕಿಂತ ಕಮ್ಮಿ. ಎರಡು ವರ್ಷದ ಕಮ್ಯೂನಿಟಿ ಕಾಲೇಜಿನಲ್ಲಿ ಆಡಿ, ಆಮೇಲೆ ನಾಲ್ಕು ವರ್ಷದ ಕಾಲೇಜಿಗೆ ಹೋಗುವ ದಾರಿಯನ್ನು ನಮ್ಮವರು ಕೀಳಾಗಿ ನೋಡುತ್ತಾರೆ. ನನ್ನ ಪ್ರಕಾರ ಅನೇಕ ಹುಡುಗರಿಗೆ ಅದೇ ಸರಿಯಾದ ದಾರಿ.

ಹಾಗಾಗಿ ನಿಜವಾದ ಹಣ ಬರುವುದು ಬಡತನದ ಆಧಾರದ ನೆರವಿನಿಂದ. ಅದಕ್ಕೆ ಕೀಲಿ ಫ್ಯಾಫ್ಸಾ, ಅಂದರೆ ಕಾಲೇಜು ಖರ್ಚಿಗೆ ಕೇಂದ್ರ ಸರ್ಕಾರದ ನೆರವು ಕೇಳುವ ಅರ್ಜಿ. ಪ್ರತಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಇದರಿಂದ ಸಿಗುವ ಪೆಲ್ ಗ್ರಾಂಟ್ 2025-26ಕ್ಕೆ ಗರಿಷ್ಠ 7,395 ಡಾಲರ್, ವಾಪಸ್ ಕಟ್ಟಬೇಕಿಲ್ಲ. ತಂದೆ ತಾಯಿ ಬೇರೆಯಾಗಿದ್ದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಯಾರು ಜಾಸ್ತಿ ಖರ್ಚು ನೋಡಿಕೊಂಡರೋ ಅವರ ವಿವರ ಹಾಕಬೇಕು. ಅವರು ತಮ್ಮದೇ ಖಾತೆ ತೆರೆದು ಒಪ್ಪಿಗೆ ಕೊಡಬೇಕು. ಅರ್ಜಿ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಲ್ಲೇ. ನೀವು ಪಕ್ಕದಲ್ಲಿ ಕೂತು ಪ್ರಶ್ನೆಯ ಅರ್ಥ ಹೇಳಿ, ಅಷ್ಟೇ. ಅವರ ಪಾಸ್‌ವರ್ಡ್, ತೆರಿಗೆ ಕಾಗದ ಕೈಗೆ ತೆಗೆದುಕೊಳ್ಳಬೇಡಿ. ವಲಸೆ ಕಾಗದದ ಬಗ್ಗೆ ನೀವಾಗಿ ಕೇಳಬೇಡಿ. ಅಂಥ ಪ್ರಶ್ನೆ ಬಂದರೆ ಕಾರ್ಯಕ್ರಮದ ಸಿಬ್ಬಂದಿಗೆ ಒಪ್ಪಿಸಿ.

ಕಾಲೇಜಿನಲ್ಲಿ ಸೀಟು ಸಿಕ್ಕಿತು, ಎಲ್ಲರೂ ಫೋಟೋ ತೆಗೆಸಿಕೊಂಡರು, ಕೆಲಸ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಅಸಲಿ ಅಪಾಯ ಶುರು. ಸೀಟು ಸಿಕ್ಕಿಯೂ ಆಗಸ್ಟ್‌ನಲ್ಲಿ ಕಾಲೇಜಿಗೆ ಬಾರದ ಮಕ್ಕಳು ಇಲ್ಲಿ ಬಹಳ, ಅದರಲ್ಲೂ ಬಡ ಮನೆಗಳವರು. ಲಸಿಕೆ ಪತ್ರ ಕಳಿಸಿಲ್ಲ, ಹಾಸ್ಟೆಲ್ ಮುಂಗಡ ಕಟ್ಟಿಲ್ಲ, ನೆರವಿನ ಕಚೇರಿ ಇನ್ನೊಂದು ದಾಖಲೆ ಕೇಳಿದೆ. ಇವೆಲ್ಲ ಕಾಲೇಜು ಕೊಟ್ಟ ಹೊಸ ಇಮೇಲ್‌ಗೆ ಬಂದು ಕೂತಿರುತ್ತವೆ. ಹುಡುಗ ಅದನ್ನು ತೆರೆದೇ ಇರುವುದಿಲ್ಲ. ಆ ಹೊತ್ತಿಗೆ ಹೈಸ್ಕೂಲ್ ರಜೆ, ಕೌನ್ಸೆಲರ್ ಇಲ್ಲ, ತಂಡದ ಸೀಸನ್ನೂ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ವಾರಕ್ಕೊಮ್ಮೆ, ಎದುರಿಗೆ ಕೂರಿಸಿಕೊಂಡು ಆ ಇಮೇಲ್ ತೆರೆಸಿ. ಕಾಲೇಜು ಸೇರಿದ ಮೇಲೂ ಅಕ್ಟೋಬರ್‌ನಲ್ಲಿ ಒಂದು ಸಲ ಫೋನ್ ಮಾಡಿ. ಫ್ಯಾಫ್ಸಾ ಪ್ರತಿ ವರ್ಷ ಹೊಸದಾಗಿ ತುಂಬಬೇಕು, ಮೊದಲ ವರ್ಷದವರು ಮರೆಯುವುದು ಅದನ್ನೇ.